ಈರಾಜಿ ಊರಿಗೆ ಕೇಳೋ ಹಾಗೆ ಸಾರಿದ್ದು

ಒಂದಾನೊಂದು ಕಾಲದಲ್ಲಿ, ಅಂದರೆ ನನ್ನ ಅಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಕೂಡ್ಲಗೆರೆ ಅಂತ ಒಂದು ಊರಿತ್ತಂತೆ. ಅಲ್ಲಿ ತಮಟೆ ಹೊಡೆದು ಸುದ್ದಿ ಸಾರೋನು ಮಾಯಣ್ಣ. ಅವನು ಕಟ್ಟೆ ಮೇಲೆ ನಿಂತು ಬಾಯಿ ತೆಗೆದರೆ ಒಲೆ ಮೇಲಿನ ಹಾಲು ಕೂಡ ಉಕ್ಕೋದು ಬಿಟ್ಟು ಕೇಳ್ತಿತ್ತಂತೆ. ಹೀಗಂತ ಅವನ ಮಗಳು ಈರಾಜಿ ಹೇಳ್ತಿದ್ದಳು, ನಾನಲ್ಲ.

ಆ ಊರಲ್ಲೊಂದು ಕಟ್ಟಳೆ ಇತ್ತು, ಇದೊಂದು ಕೇಳ್ಕೊ, ಆಮೇಲೆ ಬೇಕಾದರೆ ತೂಕಡಿಸು. ಕಟ್ಟೆಯಿಂದ ಸಾರಿದ್ದು ಬೀದಿಯ ಕೊನೇ ಮನೆಗೆ ಮುಟ್ಟಬೇಕು. ಅಲ್ಲಿ ಜಗಲಿ ಮೇಲೆ ಕೂತಿರೋರು ಕೇಳ್ತು ಅಂತ ಕೂಗಿದರೇನೇ ಸಾರಿದ ಲೆಕ್ಕ. ಆ ಮನೇಲಿದ್ದೋಳು ಮಾಕವ್ವ. ಹಲ್ಲಿಲ್ಲ, ಕಿವಿ ಅರ್ಧ ಮಂದ, ಸುಳ್ಳು ಮಾತ್ರ ಒಂದು ಚೂರೂ ಆಡೋಳಲ್ಲ.

ಆ ವರ್ಷದ ಚಳೀಲಿ ಮಾಯಣ್ಣನಿಗೆ ಗಂಟಲುಬೇನೆ ಬಂದು ದನಿ ಪೂರ್ತಿ ಹೋಯ್ತಂತೆ. ಬಾಯಿ ತೆಗೆದರೆ ಬರೀ ಗಾಳಿ. ಆಮೇಲೆ ಊರಗೌಡರು ಬಂದು, ಮಾಯಣ್ಣ, ಪಕ್ಕದೂರಿನವನೊಬ್ಬ ತಮಟೆ ತನಗೆ ಕೊಡಿ ಅಂತಿದ್ದಾನೆ, ಏನು ಮಾಡೋಣ ಅಂದರಂತೆ. ತಮಟೆ ಹೋದರೆ ಆ ಮನೆಯ ಅನ್ನ ಹೋದ ಹಾಗೆ. ಈರಾಜಿ ಅಪ್ಪನ ಮುಖ ನೋಡಿದಳು, ನಾನು ಸಾರ್ತೀನಿ ಅಂದುಬಿಟ್ಟಳು. ಅದನ್ನೂ ಎಷ್ಟು ಸಣ್ಣಗೆ ಅಂದಳು ಅಂದರೆ, ಏನಂದೆ ಮಗಳೇ ಅಂತ ಗೌಡರು ಎರಡು ಸಲ ಕೇಳಬೇಕಾಯ್ತಂತೆ. ಒಳ್ಳೇ ಗೌಡರು, ನಕ್ಕು, ಆಗಲಿ, ಮೂರು ಸಲ ಸಾರು, ಒಂದು ಸಲವಾದರೂ ಮಾಕವ್ವ ಕೇಳ್ತು ಅನ್ನಬೇಕು, ಅನ್ನದಿದ್ದರೆ ತಮಟೆ ಅವನಿಗೆ ಅಂದರಂತೆ.

ಮೊದಲನೇ ಸಲ ಬಾವಿ ಹೂಳು ತೆಗೆಯೋ ಸುದ್ದಿ. ಈರಾಜಿ ಕಟ್ಟೆ ಹತ್ತಿ, ಬೆನ್ನು ಬಗ್ಗಿಸಿ, ಸೆರಗಿನ ತುದಿ ತಿರುವುತ್ತಾ, ಕಾಲು ನೋಡ್ಕೊಂಡು ಹೇಳಿದಳಂತೆ. ಕೆಳಗೆ ಕೂತಿದ್ದ ಬಳೆಗಾರ ಸಿದ್ದೋಜಿ, ತಾಯೀ, ನಿನ್ನ ಹೆಬ್ಬೆರಳಿಗೆಲ್ಲಾ ತಿಳೀತು, ನಮಗೂ ಒಂಚೂರು ಹೇಳು ಅಂದನಂತೆ. ಮಾಕವ್ವ ಹುಣಸೆಹಣ್ಣು ಬಿಡಿಸ್ತಿದ್ದೋಳು ತಲೇನೇ ಎತ್ತಲಿಲ್ಲ.

ಆಮೇಲೆ ಎರಡನೇ ಸಲ, ಒಂದು ಎಮ್ಮೆ ಕಳೆದುಹೋದ ಸುದ್ದಿ. ಈ ಸಲ ನೆಟ್ಟಗೇ ನಿಂತಳು, ಆದರೆ ಎಲ್ಲರೂ ನೋಡ್ತಿದ್ದಾರಲ್ಲ ಅನ್ನೋ ದಿಗಿಲಿಗೆ ತಮಟೆ ನಿಲ್ಲಿಸೋದೇ ಮರೆತು, ಬಾರಿಸ್ತಾ ಬಾರಿಸ್ತಾನೇ ಒಂದೇ ಉಸಿರಿಗೆ ಕಿರುಚಿದಳಂತೆ. ಎಮ್ಮೆ ಅನ್ನೋದೊಂದು ಕೇಳಿ, ಯಾರದ್ದು ಅನ್ನೋದು ಕೇಳದೆ, ಮೂರು ಮನೆಯೋರು ತಂತಮ್ಮ ಎಮ್ಮೆ ಹುಡುಕೋಕೆ ಓಡಿದರಂತೆ. ಮಾಕವ್ವ ಕೋಲೂರಿಕೊಂಡು ಕಟ್ಟೇ ತನಕ ಬಂದು, ಸದ್ದು ಬಂತು ಮಗಳೇ, ಮಾತು ಬರಲಿಲ್ಲ, ಕೇಳದೇ ಇದ್ದದ್ದನ್ನ ಕೇಳ್ತು ಅನ್ನೋಕೆ ನನಗೆ ಬಾಯಿ ಬರೋಲ್ಲ ಅಂತ, ಉಪ್ಪು ಹಚ್ಚಿದ ಹುಣಸೆ ತುಣುಕು ಅವಳ ಕೈಗಿಟ್ಟು ಹೋದಳಂತೆ.

ಈರಾಜಿ ಮನೆಗೆ ಬಂದು ಮೂಲೇಲಿ ಕೂತು ಅತ್ತಳು. ಸಮಾಧಾನ ಹೇಳೋಣ ಅಂದರೆ ಮಾಯಣ್ಣನಿಗೆ ದನಿಯಿಲ್ಲ. ಅವಳ ಕೈ ಹಿಡಿದು ಕೆರೆ ಏರಿಗೆ ಕರ್ಕೊಂಡು ಹೋದ, ಕಾಲು ಎರಡನ್ನೂ ಗೇಣಗಲ ಬಿಡಿಸಿ ನಿಲ್ಲಿಸಿದ, ಭುಜ ಹಿಂದಕ್ಕೆ ತಳ್ಳಿದ, ಗಲ್ಲ ಎತ್ತಿದ, ಉಸಿರು ಇಲ್ಲಿಂದ ಬರಲಿ ಅನ್ನೋ ಹಾಗೆ ಹೊಟ್ಟೆ ಒತ್ತಿ ತೋರಿಸಿದ. ಆಮೇಲೆ ತಮಟೆಗೆ ಮೂರು ಪೆಟ್ಟು ಹೊಡೆದು, ಅಂಗೈ ಮೇಲೆತ್ತಿ, ಸುಮ್ಮನೆ ನಿಂತುಬಿಟ್ಟನಂತೆ. ಏನು ಹೇಳ್ತಾನೋ ಅಂತ ಈರಾಜಿಗೆ ಮೈಯೆಲ್ಲಾ ಕಿವಿಯಾಯ್ತು. ಆಗ ಹೊಳೀತಂತೆ ಅವಳಿಗೆ, ಅಪ್ಪ ಒಂದು ಮಾತೂ ಆಡಿಲ್ಲ, ನನಗೆ ಎಲ್ಲಾ ತಿಳೀತಾ ಇದೆಯಲ್ಲ ಅಂತ.

ಆಚೆ ದಡದಲ್ಲಿ ಬಟ್ಟೆ ಒಗೀತಿದ್ದ ಚೆನ್ನಜ್ಜನನ್ನ ತೋರಿಸಿ, ಅವನೊಬ್ಬನಿಗೇ ಹೇಳು ಅಂತ ಸನ್ನೆ ಮಾಡಿದ. ಅಜ್ಜಾ, ಉಂಡ್ಯಾ ಅಂತ ಕೂಗಿದಳು. ಮೊದಲ ದಿನ ಅಜ್ಜ ಒಗೀತಾನೇ ಇದ್ದ. ಎರಡನೇ ದಿನ ತಿರುಗಿ ನೋಡಿದ. ಮೂರನೇ ದಿನ ಒದ್ದೆ ಪಂಚೆ ಎತ್ತಿ ಬೀಸಿ, ಮೂರು ದಿನದಿಂದ ಇದನ್ನೇನಾ ಕೇಳ್ತಿದ್ದದ್ದು, ಉಂಡೆ ಕಣವ್ವ ಅಂದನಂತೆ.

ಮಾರನೇ ದಿನವೇ ಮೂರನೇ ಸಲ ಸಾರೋದು. ನಾಳೆ ಬೆಳಿಗ್ಗೆ ಕೆರೆ ತೂಬು ಎತ್ತಿ ನೀರು ಬಿಡ್ತಾರೆ, ಒಣಗಿರೋ ಕಾಲುವೇಲಿ ಹಸಿ ಮಡಕೆ ಆರೋಕೆ ಇಟ್ಟೋರು ಎತ್ಕೊಳ್ಳಿ ಅಂತ ಸುದ್ದಿ. ಪಕ್ಕದೂರಿನವನು ತಮಟೆ ಕಟ್ಕೊಂಡು ಹೋಗೋಕೆ ಹಗ್ಗ ತಂದು ನಿಂತಿದ್ದನಂತೆ. ಈರಾಜಿ ಕಟ್ಟೆ ಹತ್ತಿದಳು. ಕಾಲು ಊರಿದಳು, ಮೂರು ಪೆಟ್ಟು ಹೊಡೆದಳು, ಅಂಗೈ ಎತ್ತಿದಳು. ಸಿದ್ದೋಜಿ ಏನೋ ಕೀಟಲೆ ಮಾಡೋಕೆ ಬಾಯಿ ತೆಗೆದೋನು ಹಾಗೇ ಮುಚ್ಚಿದನಂತೆ. ಆಮೇಲೆ ಈರಾಜಿ ಅಷ್ಟೂ ತಲೆಗಳ ಮೇಲಿಂದ ಮಾಕವ್ವನ ಮುಖ ಹುಡುಕಿ, ಕಿರುಚದೆ, ಅವಸರ ಮಾಡದೆ, ಒಂದೊಂದೇ ಮಾತನ್ನ ಅವಳ ಜಗಲಿ ಮೇಲೆ ಇಟ್ಟು ಬಂದ ಹಾಗೆ ಹೇಳಿದಳಂತೆ.

ಬೀದಿ ತುದೀಲಿ ಮಾಕವ್ವ ಎದ್ದು ನಿಂತಳು. ಕೇಳ್ತು ಕಣೇ, ನೀನು ನಿಂತಿದ್ದು ನೋಡೇ ಅರ್ಧ ಕೇಳ್ತು ಅಂತ ಕೂಗಿದಳಂತೆ. ಕುಂಬಾರರೆಲ್ಲಾ ಕಾಲುವೆ ಕಡೆ ಓಡಿದರು, ಒಂದು ಮಡಕೇನೂ ನೀರುಪಾಲಾಗಲಿಲ್ಲ. ಪಕ್ಕದೂರಿನವನು ಹಗ್ಗ ಸುತ್ತಿಕೊಂಡು, ನನಗೂ ಕೇಳ್ತು ಬಿಡಿ ಅಂತ ನಕ್ಕು, ಮಾಯಣ್ಣನ ಮನೇಲೇ ಉಂಡು ಹೋದನಂತೆ.

ತಮಟೆ ಆ ಮನೇಲೇ ಉಳೀತು. ಬೇಸಿಗೇಲಿ ಮಾಯಣ್ಣನ ದನಿ ಅರ್ಧ ವಾಪಸ್ಸು ಬಂತು, ಆದರೂ ಅವನು ತಮಟೆ ಮುಟ್ಟಲಿಲ್ಲವಂತೆ. ಕಟ್ಟೆ ಕೆಳಗೆ ಕೂತು, ಹೋಗೋ ಬರೋರಿಗೆಲ್ಲಾ ಆ ಅರ್ಧ ದನೀಲೇ, ಅವಳು ನನ್ನ ಮಗಳು ಅಂತ ಸಾರ್ತಿದ್ದನಂತೆ. ಅಪ್ಪ ಮಗಳು ಬೆಚ್ಚಗೆ ಬಾಳಿದರು, ಅವರ ಕತೆ ಇಲ್ಲಿಗೆ ಮುಗೀತು, ಕಂಬಳಿ ಎಳ್ಕೊ ಕಂದ.