ಬಳೆಗಾರನ ಎಳೆ

“ಗುರುಗಳೇ, ಶಿಷ್ಯನಿಗೆ ಎಲ್ಲವನ್ನೂ ಹೇಳಿಕೊಡಬೇಕೇ? ಒಂದನ್ನಾದರೂ ನಮ್ಮ ಹತ್ತಿರ ಉಳಿಸಿಕೊಳ್ಳಬಾರದೇ?”

ಕೊಟ್ರೇಶ ಹೀಗೆ ಕೇಳಿದಾಗ ಮುರಿಗೆಪ್ಪನವರು ಪೂಲ್ ಆಟದ ಮೇಜಿನ ಹಸಿರು ಬಟ್ಟೆಯ ಮೇಲೆ ಬ್ರಷ್ ಎಳೆಯುತ್ತಿದ್ದರು. ಕೊಟ್ರೇಶ ಅವರ ಹತ್ತಿರ ಬಹಳ ವರ್ಷ ಆಟ ಕಲಿತವನು. ಈಗ ತನ್ನ ಊರಿನಲ್ಲಿ ಸ್ವಂತ ಆಟದ ಮನೆ ತೆರೆದು, ಶಿಷ್ಯರನ್ನು ಸೇರಿಸಿಕೊಳ್ಳುವವನಿದ್ದ. ಆಶೀರ್ವಾದ ಬೇಡಲು ಬಂದಿದ್ದ. ಮೇಜಿನ ಅಂಚಿಗೆ ಅಂಟಿಕೊಂಡು ನಿಂತ ಚೆಂಡನ್ನು ಓರೆಯಾಗಿ ಹೊಡೆದು ಗುಂಡಿಗೆ ಇಳಿಸುವ ಒಂದು ಕ್ರಮವನ್ನು ಅವನು ತಾನಾಗಿಯೇ ಕಂಡುಕೊಂಡಿದ್ದ. ಅದನ್ನು ಗುರುಗಳು ಹೇಳಿಕೊಟ್ಟಿರಲಿಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆ ಇತ್ತು, ಹೆಮ್ಮೆಪಡುವಂಥದ್ದೇ ಆಗಿತ್ತು. ಆದರೆ ಅದನ್ನೂ ಹೇಳಿಕೊಟ್ಟುಬಿಟ್ಟರೆ ನಾಳೆ ತನ್ನ ಶಿಷ್ಯನೇ ಎದುರು ನಿಂತು ತನ್ನನ್ನು ಸೋಲಿಸಿಯಾನು ಎಂಬ ಅಳುಕು ಒಳಗೇ ಕೊರೆಯುತ್ತಿತ್ತು.

ಮುರಿಗೆಪ್ಪನವರು ಬ್ರಷ್ ಪಕ್ಕಕ್ಕಿಟ್ಟರು. “ಏನನ್ನು ಉಳಿಸ್ಕೋಬೇಕು ಅಂತಿದ್ದೀಯ ಅಂತ ನಾನು ಕೇಳಲ್ಲ. ಕೂತ್ಕೋ, ಒಂದು ಕತೆ ಹೇಳ್ತೀನಿ,” ಎಂದರು. ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹತ್ತಿ ವ್ಯಾಪಾರಿ ಇದ್ದ. ಮನೆಯ ಮುಂದಿನ ದೊಡ್ಡ ಕೋಣೆಯಲ್ಲಿ ಪೂಲ್ ಮೇಜು ಹಾಕಿಸಿಕೊಂಡಿದ್ದ. ವ್ಯಾಪಾರವನ್ನು ಮಗನಿಗೆ ಒಪ್ಪಿಸಿ ತಾನು ಆಟಕ್ಕೆ ನಿಂತವನು. ಎದುರಿಗೇ ಇರುವ ಚೆಂಡನ್ನು ನೇರವಾಗಿ ಹೊಡೆದು ಗುಂಡಿಗೆ ಹಾಕುವುದು ದೊಡ್ಡ ಮಾತಲ್ಲ. ಅವನ ಹೆಸರು ನಿಂತದ್ದು ಕಟ್ ಹೊಡೆತದ ಮೇಲೆ. ಕೋಲಿನಿಂದ ಹೊಡೆದ ಬಿಳಿ ಚೆಂಡು ಹೋಗಿ ಬಣ್ಣದ ಚೆಂಡಿನ ಪಕ್ಕೆಗೆ ತಾಗಬೇಕು, ಬಣ್ಣದ ಚೆಂಡು ಓರೆಯಾಗಿ ಹೊರಟು ಗುಂಡಿಗೆ ಬೀಳಬೇಕು. ಎಷ್ಟೇ ಓರೆಯಿರಲಿ, ವ್ಯಾಪಾರಿ ಬಗ್ಗಿ ಕೋಲು ಹಿಡಿದನೆಂದರೆ ಚೆಂಡು ಬಿತ್ತೆಂದೇ ಲೆಕ್ಕ. ಸುತ್ತಲ ಊರುಗಳಿಂದ ಆಟಗಾರರು ಬರುತ್ತಿದ್ದರು, ಸೋಲುತ್ತಿದ್ದರು, ಸೋತದ್ದನ್ನು ತಮ್ಮ ಊರಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅಂಥವನ ಕೈಯಲ್ಲಿ ಸೋಲುವುದೂ ಒಂದು ಮರ್ಯಾದೆಯೇ ಆಗಿತ್ತು.

ಆದರೆ ಹೊಟ್ಟೆ ತುಂಬಿದವನಿಗೂ ಬಾಯಿ ಚಪಲ ಬಿಡುವುದಿಲ್ಲವಲ್ಲ, ಅವನಿಗೂ ಹಾಗೇ ಆಯಿತು. ಸೋಲದ ಆಟಗಾರ ಎನ್ನಿಸಿಕೊಂಡದ್ದು ಸಾಲಲಿಲ್ಲ. ದೊಡ್ಡ ಗುರು ಎಂದೂ ಅನ್ನಿಸಿಕೊಳ್ಳಬೇಕೆಂದು ಆಸೆಯಾಯಿತು. ಕಲಿಯುವ ಮನಸ್ಸಿದ್ದವರೆಲ್ಲ ಬರಬಹುದು ಎಂದು ಊರಿಗೆಲ್ಲ ಹೇಳಿಸಿದ. ಜನ ಬಂದರು. ಕಾಲಿಗೆ ಬಿದ್ದರು. ವ್ಯಾಪಾರಿಗೆ ಬಹಳ ಸಂತೋಷವಾಯಿತು.

ಅವನು ಹೇಳಿಕೊಡುತ್ತಿದ್ದ ಪಾಠ ಇದು. ಎರಡು ಚೆಂಡು ಒಂದಕ್ಕೊಂದು ತಾಗುವ ಚುಕ್ಕೆಗೆ ಗುರಿ ಇಡಬಾರದು. ಚೆಂಡಿಗೆ ಮೈಯಿದೆ. ಬಿಳಿ ಚೆಂಡಿನ ನಡುವನ್ನು ಆ ಚುಕ್ಕೆಗೆ ಹಿಡಿದು ಹೊಡೆದರೆ ಅದರ ಮೈ ಅದಕ್ಕೂ ಮೊದಲೇ ಬೇರೆ ಕಡೆ ತಾಗಿಬಿಡುತ್ತದೆ. ಆದ್ದರಿಂದ ಗುಂಡಿಯಿಂದ ಬಣ್ಣದ ಚೆಂಡಿನ ಮೂಲಕ ಮನಸ್ಸಿನಲ್ಲೇ ಒಂದು ಗೆರೆ ಎಳೆ. ಆ ಗೆರೆಯ ಮೇಲೆ, ಬಣ್ಣದ ಚೆಂಡಿನ ಬೆನ್ನಿಗೆ ತಾಗಿಸಿ, ಇಲ್ಲದ ಒಂದು ಚೆಂಡನ್ನು ಇಟ್ಟುಕೋ. ಬಿಳಿ ಚೆಂಡು ಹೋಗಿ ಆ ಇಲ್ಲದ ಚೆಂಡಿನ ಜಾಗದಲ್ಲಿ ಕೂರಬೇಕು. ಅಲ್ಲಿಗೆ ಹೊಡೆ.

ಪಾಠ ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಚೆಂಡಿಗೆ ಚೆಂಡು ತಾಗಿದ ಗಳಿಗೆಯಲ್ಲಿ ಎರಡೂ ಒಂದಿಷ್ಟು ಉಜ್ಜಿಕೊಳ್ಳುತ್ತವೆ. ಬಿಳಿ ಚೆಂಡು ತಾನು ಹೋಗುವ ದಿಕ್ಕಿಗೇ ಇನ್ನೊಂದನ್ನು ಕೊಂಚ ಎಳೆದುಕೊಳ್ಳುತ್ತದೆ. ಮೆಲ್ಲಗೆ ಹೊಡೆದಷ್ಟೂ ಆ ಎಳೆತ ಹೆಚ್ಚು. ಅದಕ್ಕಾಗಿ ಇಲ್ಲದ ಚೆಂಡಿನ ನಡುವಿನಿಂದ ಒಂದು ಕೂದಲೆಳೆಯಷ್ಟು ಆಚೆಗೆ, ಬಣ್ಣದ ಚೆಂಡಿಗೆ ಇನ್ನೂ ತೆಳ್ಳಗೆ ತಾಗುವಂತೆ, ಗುರಿ ಸರಿಸಿಕೊಳ್ಳಬೇಕು. ವ್ಯಾಪಾರಿ ಇದನ್ನು ತಾನೇ ಕಂಡುಕೊಂಡಿದ್ದ. ಅವನ ಆಟದ ಜೀವವೆಲ್ಲ ಆ ಎಳೆಯಲ್ಲೇ ಇತ್ತು. ಅದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಉಪ್ಪೊಂದನ್ನು ಬಿಟ್ಟು ಅಡುಗೆಯೆಲ್ಲವನ್ನೂ ಧಾರಾಳವಾಗಿ ಬಡಿಸಿದ.

ಶಿಷ್ಯರು ಬೆವರು ಸುರಿಸಿ ಹೊಡೆದರು. ಜೋರು ಹೊಡೆತಗಳು ಹೇಗೋ ಬೀಳುತ್ತಿದ್ದವು. ಮೆಲ್ಲನೆಯ ಕಟ್ ಬಂತೆಂದರೆ ಚೆಂಡು ಗುಂಡಿಯ ತುಟಿಗೆ ಬಡಿದು, ಇನ್ನೇನು ಬಿತ್ತು ಎನ್ನುವಂತೆ ಅಲುಗಾಡಿ, ಹೊರಗೇ ನಿಲ್ಲುತ್ತಿತ್ತು. ವ್ಯಾಪಾರಿ ತಲೆ ಆಡಿಸುತ್ತಿದ್ದ. ಅಭ್ಯಾಸ ಸಾಲದು ಎನ್ನುತ್ತಿದ್ದ. ಅವರು ನಂಬುತ್ತಿದ್ದರು. ತಮ್ಮ ಕೈಯೇ ಸರಿಯಿಲ್ಲ ಎಂದು ಹಳಿದುಕೊಂಡು ಮನೆಗೆ ಹೋಗುತ್ತಿದ್ದರು. ಒಳ್ಳೆಯ ಕೈಯ ಒಬ್ಬ ನೇಕಾರನಂತೂ ಇದು ತನ್ನ ಹಣೆಯಲ್ಲಿ ಬರೆದಿಲ್ಲ ಎಂದುಕೊಂಡು ಕೋಲನ್ನೇ ಬಿಟ್ಟುಬಿಟ್ಟ. ಇದಕ್ಕೆ ಮೋಸ ಎಂದೇ ಹೆಸರು. ವ್ಯಾಪಾರಿ ಮಾತ್ರ ಇದನ್ನು ಜಾಣತನ ಎಂದುಕೊಂಡಿದ್ದ.

ಹೀಗಿರುವಾಗ ಒಬ್ಬ ಬಳೆಗಾರ ಕಲಿಯಲು ಬಂದ. ಪೇಟೆಯ ನಡುವೆ ದೊಡ್ಡ ಅಂಗಡಿ ಇಟ್ಟವನು. ಮದುವೆ ಮನೆಗಳಲ್ಲಿ ಹೆಣ್ಣಿಗೆ ಬಳೆ ತೊಡಿಸಲು ಅವನೇ ಬರಬೇಕೆಂದು ಜನ ಕಾದು ಕೂರುತ್ತಿದ್ದರು. ಜಂಭದಲ್ಲಿ ವ್ಯಾಪಾರಿಗೆ ಏನೂ ಕಡಿಮೆಯಿರಲಿಲ್ಲ. ಅವನಿಗೂ ಅದೇ ಪಾಠವಾಯಿತು, ಅವನ ಚೆಂಡೂ ಗುಂಡಿಯ ತುಟಿಗೆ ಬಡಿದು ಹೊರಗೇ ನಿಂತಿತು, ಅವನಿಗೂ ಅಭ್ಯಾಸ ಸಾಲದು ಎಂಬ ಮಾತೇ ಸಿಕ್ಕಿತು. ಆದರೆ ಬಳೆಗಾರ ನಂಬಲಿಲ್ಲ. ತನ್ನ ಕೈ ತಪ್ಪುತ್ತದೆ ಎಂಬ ಮಾತನ್ನು ನಂಬುವ ಜಾತಿಯವನೇ ಅಲ್ಲ ಅವನು. ಕೋಲನ್ನು ಗೋಡೆಗೆ ಒರಗಿಸಿಟ್ಟು, ವ್ಯಾಪಾರಿ ಆಡುವುದನ್ನು ನೋಡುತ್ತ ಕೂತ. ದಿನಾ ಬಂದು ಅದನ್ನೇ ಮಾಡಿದ.

ವ್ಯಾಪಾರಿಗೆ ಅದೂ ಹಿಗ್ಗು ತಂದಿತು. ತನ್ನ ಆಟ ನೋಡುವುದೇ ಒಂದು ಪಾಠ ಎಂದು ಬಂದವರಿಗೆಲ್ಲ ಹೇಳಿಕೊಂಡ. ನೋಡಲಿ ಎಂದು ಇನ್ನೂ ನಾಜೂಕಾಗಿ ಆಡಿದ.

ಆ ವರ್ಷ ಊರಿನ ಆಟಗಾರರೆಲ್ಲ ಸೇರಿ ಒಂದು ಪಂದ್ಯ ಏರ್ಪಡಿಸಿದರು. ಕೊನೆಯ ಆಟಕ್ಕೆ ಉಳಿದವರು ಇಬ್ಬರೇ, ವ್ಯಾಪಾರಿ ಮತ್ತು ಬಳೆಗಾರ. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವ್ಯಾಪಾರಿಯ ಶಿಷ್ಯರೆಲ್ಲ ಗೋಡೆಗೆ ಅಂಟಿ ನಿಂತಿದ್ದರು. ಗುರುಶಿಷ್ಯರೇ ಎದುರುಬದುರಾಗಿದ್ದಾರೆ ಎಂದು ಜನಕ್ಕೆ ಹಬ್ಬದಷ್ಟು ಸಂತೋಷ. ವ್ಯಾಪಾರಿಗೂ ಎದೆ ಉಬ್ಬಿತ್ತು. ಈ ಒಂದು ಆಟ ಗೆದ್ದರೆ ಸೋಲದವನು ಎಂಬ ಹೆಸರೂ ಉಳಿಯುತ್ತದೆ, ಇಷ್ಟು ದೂರ ಬಂದ ಶಿಷ್ಯನನ್ನು ಬೆಳೆಸಿದವನು ಎಂಬ ಹೆಸರೂ ಸೇರುತ್ತದೆ. ಅವನಿಗೆ ಎರಡೂ ಬೇಕಿತ್ತು.

ಆಟ ಸಮಸಮವಾಗಿ ನಡೆಯಿತು. ಕೊನೆಗೆ ಮೇಜಿನ ಮೇಲೆ ಕರಿ ಚೆಂಡೊಂದೇ ಉಳಿಯಿತು. ಅದನ್ನು ಇಳಿಸಿದವನೇ ಗೆದ್ದ ಹಾಗೆ. ಹೊಡೆಯುವ ಸರದಿ ವ್ಯಾಪಾರಿಯದಾಗಿತ್ತು, ಹೊಡೆತ ಕಷ್ಟದ್ದಾಗಿತ್ತು. ಅವನು ಗುಂಡಿಗೆ ಹಾಕಲು ಹೋಗಲಿಲ್ಲ. ಕರಿ ಚೆಂಡನ್ನು ಸುಮ್ಮನೆ ಸವರಿ, ಬಿಳಿ ಚೆಂಡು, ಕರಿ ಚೆಂಡು ಎರಡನ್ನೂ ತನಗೆ ಬೇಕಾದ ಜಾಗದಲ್ಲಿ ನಿಲ್ಲಿಸಿದ. ಬಳೆಗಾರನಿಗೆ ಉಳಿದದ್ದು ಒಂದು ಕಟ್. ಜೋರಾಗಿ ಹೊಡೆದರೆ ಬಿಳಿ ಚೆಂಡೂ ಉರುಳಿಕೊಂಡು ಹೋಗಿ ಎದುರಿನ ಗುಂಡಿಗೆ ಬೀಳುತ್ತದೆ, ಆಟ ಕೈತಪ್ಪುತ್ತದೆ. ಮೆಲ್ಲಗೇ ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಏನಾಗುತ್ತದೆ ಎಂಬುದು ವ್ಯಾಪಾರಿಗೆ ಚೆನ್ನಾಗಿ ಗೊತ್ತಿತ್ತು.

“ಗಾಬರಿಯಾಗಬೇಡಪ್ಪ. ನಾನು ಹೇಳಿಕೊಟ್ಟ ಹಾಗೇ ಹೊಡಿ,” ಎಂದ ಅವನು, ಎಲ್ಲರಿಗೂ ಕೇಳುವಂತೆ.

ಎಷ್ಟು ಒಳ್ಳೆಯ ಗುರು ಎಂದು ಜನ ಮೆಚ್ಚಿದರು. ಗುರುವಾದವನು ಅದಕ್ಕಿಂತ ಕೆಟ್ಟ ಮಾತು ಆಡಲಾರ.

ಬಳೆಗಾರ ಮೇಜನ್ನು ಒಂದು ಸುತ್ತು ಬಂದ. ಗುಂಡಿಯ ಕಡೆ ನೋಡಿದ, ಚೆಂಡಿನ ಕಡೆ ನೋಡಿದ, ಬಗ್ಗಿದ. ಕೋಲಿನ ತುದಿ ಹೇಳಿಕೊಟ್ಟ ಜಾಗಕ್ಕೆ ತಿರುಗಿತು. ಅಲ್ಲಿ ನಿಲ್ಲಲಿಲ್ಲ. ಒಂದು ಎಳೆಯಷ್ಟು ಆಚೆಗೆ ಸರಿದು ನಿಂತಿತು. ಕೋಣೆಯಲ್ಲಿದ್ದ ಯಾರಿಗೂ ಅದು ಕಾಣಲಿಲ್ಲ, ವ್ಯಾಪಾರಿಯೊಬ್ಬನನ್ನು ಬಿಟ್ಟು. ಚೆಂಡಿಗೆ ಕೋಲು ತಾಗುವ ಮೊದಲೇ ತಾನು ಸೋತೆನೆಂದು ಅವನಿಗೆ ಗೊತ್ತಾಯಿತು. ಕರಿ ಚೆಂಡು ನಿಧಾನವಾಗಿ ಉರುಳಿಕೊಂಡು ಹೋಗಿ, ತುಟಿಗೂ ತಾಗದೆ, ಗುಂಡಿಗೆ ಬಿತ್ತು.

ಕೋಣೆಯ ಸೂರು ಕಿತ್ತುಹೋಗುವಂತೆ ಜನ ಕೂಗಿದರು. ಆಮೇಲೆ ನಡೆದದ್ದನ್ನು ವ್ಯಾಪಾರಿ ಕನಸಿನಲ್ಲೂ ಎಣಿಸಿರಲಿಲ್ಲ. ಅವರು ಮೊದಲ ಹಾರ ಹಾಕಿದ್ದು ಗೆದ್ದವನಿಗಲ್ಲ, ವ್ಯಾಪಾರಿಗೆ. ತನ್ನನ್ನೇ ಮೀರಿಸುವ ಶಿಷ್ಯನನ್ನು ತಯಾರು ಮಾಡಿದ ಪುಣ್ಯಾತ್ಮ ಎಂದು ಅವನನ್ನು ತಬ್ಬಿಕೊಂಡರು. ವ್ಯಾಪಾರಿಯ ಕಣ್ಣು ತುಂಬಿತು. ಸೋತದ್ದು ಮರೆತೇಹೋಯಿತು. ಇಷ್ಟು ವರ್ಷ ಗೆದ್ದ ಯಾವ ಆಟವೂ ಇಂಥ ಹೆಮ್ಮೆ ಕೊಟ್ಟಿರಲಿಲ್ಲ. ಶಿಷ್ಯನ ಕೈಯಲ್ಲಿ ಸೋಲುವುದು ಇಷ್ಟು ಸಿಹಿ ಎಂದು ಗೊತ್ತಿದ್ದರೆ ಎಂದೋ ಸೋಲುತ್ತಿದ್ದೆನಲ್ಲ ಎನ್ನಿಸಿತು.

ಅಷ್ಟರಲ್ಲಿ ಗುಂಪಿನಿಂದ ಯಾರೋ ಕೇಳಿದರು, ಆ ಕೊನೆಯ ಹೊಡೆತವನ್ನು ಹೇಗೆ ಹೇಳಿಕೊಟ್ಟಿರಿ ಸಾಹುಕಾರರೇ, ನಮಗೂ ಒಂದಿಷ್ಟು ಬಿಡಿಸಿ ಹೇಳಿ ಎಂದು.

ವ್ಯಾಪಾರಿ ಬಾಯಿ ತೆರೆದ. ಗೋಡೆಯ ಬದಿಗೆ ನಿಂತಿದ್ದ ಶಿಷ್ಯರ ಮುಖಗಳು ಕಂಡವು. ಎಳೆಯ ವಿಷಯ ಹೇಳಿದರೆ, ನಮಗೇಕೆ ಹೇಳಲಿಲ್ಲ ಎಂದು ಅವರು ಕೇಳುತ್ತಾರೆ. ಹೇಳದಿದ್ದರೆ ಆ ಹೊಡೆತ ತನ್ನದಲ್ಲ. ಬಳೆಗಾರನ ಕಡೆ ತಿರುಗಿದ.

“ನಿನಗೆ ಯಾರು ಹೇಳಿಕೊಟ್ಟರೋ?” ಎಂದುಬಿಟ್ಟ.

ಗುರುವೇ ಕೇಳುವ ಪ್ರಶ್ನೆಯೇ ಅದು!

ಬಳೆಗಾರ ಕೋಲನ್ನು ಮೇಜಿನ ಮೇಲಿಟ್ಟ. “ಯಾರೂ ಹೇಳಿಕೊಡಲಿಲ್ಲ ಸಾಹುಕಾರ್ರೇ. ನಾನು ಬಳೆ ತೊಡಿಸೋನು. ಹೆಂಗಸರು ಬಾಯಲ್ಲಿ ಒಂದು ಅಳತೆ ಹೇಳ್ತಾರೆ, ಕೈ ಇನ್ನೊಂದು ಹೇಳುತ್ತೆ. ನಾನು ಯಾವತ್ತೂ ಕೈಯನ್ನೇ ನಂಬೋನು. ನಿಮ್ಮ ಬಾಯಿ ಒಂದು ಜಾಗ ತೋರಿಸ್ತಿತ್ತು, ಕೋಲು ಇನ್ನೊಂದು ಜಾಗಕ್ಕೆ ಹೋಗ್ತಿತ್ತು. ನಾನು ಕೋಲು ಹೇಳಿದ್ದನ್ನು ಕೇಳಿಸ್ಕೊಂಡೆ.”

ಹೀಗೆಂದು ಮುಂದೆ ಬಂದ. ವ್ಯಾಪಾರಿಯ ಬಲಗೈಯನ್ನು ಎರಡೂ ಕೈಯಿಂದ ಹಿಡಿದು ಕಣ್ಣಿಗೆ ಒತ್ತಿಕೊಂಡ. ಕಾಲಿಗೆ ಬೀಳಲಿಲ್ಲ. ಮುಖ ನೋಡಲಿಲ್ಲ. ಕೈಗೆ ಸಲ್ಲಬೇಕಾದದ್ದನ್ನು ಕೈಗೆ ಸಲ್ಲಿಸಿ ಹೊರಟುಹೋದ. ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಕೈ ಎಂದೂ ಕೆಟ್ಟಿರಲಿಲ್ಲ ಎಂದು ಅವರಿಗೆ ಆಗ ತಿಳಿಯಿತು. ಒಬ್ಬೊಬ್ಬರಾಗಿ ಅವರೂ ಹೊರಗೆ ಹೋದರು. ವ್ಯಾಪಾರಿ ಕೊರಳಲ್ಲಿ ಹಾರ ಹಾಕಿಕೊಂಡು ಮೇಜಿನ ಪಕ್ಕದಲ್ಲಿ ನಿಂತೇ ಇದ್ದ.

ಮಾರನೆಯ ದಿನ ಶಿಷ್ಯರೆಲ್ಲ ಬಳೆ ಅಂಗಡಿಯಲ್ಲಿ ಸೇರಿದರು. ಬಳೆಗಾರನಿಗೆ ಜಂಭವಿತ್ತು, ಬಚ್ಚಿಡುವ ಬುದ್ಧಿ ಇರಲಿಲ್ಲ. ಗಿರಾಕಿಗಳನ್ನು ಒಂದಿಷ್ಟು ಹೊತ್ತು ಕಾಯಿಸಿ, ಎಷ್ಟು ಆಚೆಗೆ, ಏಕೆ ಆಚೆಗೆ, ಮೆಲ್ಲಗೆ ಹೊಡೆದರೆ ಎಷ್ಟು, ಜೋರಾದರೆ ಎಷ್ಟು ಎಂದು ಎರಡು ಗಾಜಿನ ಗೋಲಿ ಇಟ್ಟು ಬಾಯಿಬಿಟ್ಟು ಹೇಳಿದ. ಕೋಲು ಬಿಟ್ಟಿದ್ದ ನೇಕಾರನೂ ಸುದ್ದಿ ಕೇಳಿ ಓಡಿಬಂದ. ಅಂದಿನಿಂದ ಆ ಸೀಮೆಯಲ್ಲಿ ಕಟ್ ಹೊಡೆಯುವವರೆಲ್ಲ ಆ ಕೂದಲಷ್ಟು ಜಾಗಕ್ಕೆ ಬಳೆಗಾರನ ಎಳೆ ಎಂದೇ ಕರೆಯುತ್ತಾರೆ. ಅದನ್ನು ಮೊದಲು ಕಂಡವನು ಒಬ್ಬ ವ್ಯಾಪಾರಿ ಎಂದು ಈಗ ಅಲ್ಲಿ ಯಾರಿಗೂ ಗೊತ್ತಿಲ್ಲ.

ಮುರಿಗೆಪ್ಪನವರು ಕತೆ ನಿಲ್ಲಿಸಿ ಮತ್ತೆ ಬ್ರಷ್ ಕೈಗೆ ತೆಗೆದುಕೊಂಡರು. ಕೊಟ್ರೇಶನಿಗೆ ಕತೆ ತನ್ನ ಬುಡಕ್ಕೇ ಬಂತೆಂದು ಗೊತ್ತಾಗಿತ್ತು. ಆದರೂ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

“ನನ್ನ ಶಿಷ್ಯರಲ್ಲಿ ಬಳೆಗಾರರು ಯಾರೂ ಇಲ್ಲವಲ್ಲ ಗುರುಗಳೇ,” ಎಂದು ನಗಲು ನೋಡಿದ.

ಮುರಿಗೆಪ್ಪನವರು ನಗಲಿಲ್ಲ.

“ನಿನ್ನ ಕೈ ಹೇಗೂ ಹೇಳಿಬಿಡುತ್ತೆ ಕೊಟ್ರೇಶ, ಬಾಯಿ ಮೊದಲು ಹೇಳಿದರೆ ಹೆಸರಾದರೂ ನಿನ್ನದಾಗುತ್ತೆ.”