ನಾಚುಗಂಬದ ಗುಡ್ಡ

ಹೊಳೆಯ ಕಡವಿನಿಂದ ಹಳೇ ಪೇಟೆಗೆ ಹೋಗುವ ದಾರಿಯಲ್ಲಿ ಎಡಕ್ಕೊಂದು ಬೋಳು ಗುಡ್ಡವಿದೆ. ನಕಾಶೆಯಲ್ಲಿ ಅದರ ಹೆಸರು ನಾಚಗುಡ್ಡ. ಸುತ್ತಲಿನ ಹಿರಿಯರು ಮಾತ್ರ ಈಗಲೂ ನಾಚುಗಂಬದ ಗುಡ್ಡ ಎನ್ನುತ್ತಾರೆ. ಅದರ ನೆತ್ತಿಯ ಕಲ್ಲುಮಂಟಪಕ್ಕೆ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕರೆತಂದು, ಕಲ್ಲು ಎಷ್ಟು ಹೊರೆಯನ್ನಾದರೂ ಹೊರುತ್ತದೆ, ಬಾಗಿಸಿದರೆ ಮಾತ್ರ ತಾಳದು ಎಂದು ವಿವರಿಸುವುದುಂಟು. ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ತಳಭಾಗ ಹಿಗ್ಗಲು ಹೋಗುತ್ತದೆ. ಕಲ್ಲು ಬಿರಿಯುವುದು ಆ ತಳದಲ್ಲಿ. ಇಂದಿನ ಕಟ್ಟಡಗಳಲ್ಲಿ ಆ ಎಳೆತವನ್ನು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು ತಡೆಯುವುದರಿಂದಲೇ ನಡುವೆ ಕಂಬವಿಲ್ಲದ ವಿಶಾಲ ಸಭಾಂಗಣಗಳು ಎದ್ದಿವೆ. ಈ ಮಂಟಪ ಕಟ್ಟಿದ ಮಾರೋಜನ ಕಾಲದಲ್ಲಿ ಸರಳುಗಳಿರಲಿಲ್ಲ. ಆಸೆ ಮಾತ್ರ ಇದೇ ಆಗಿತ್ತು.

ಹಿಂದೆ ಒಮ್ಮೆ ಈ ಸೀಮೆಯನ್ನಾಳುತ್ತಿದ್ದ ನಾಯಕ ದಾರಿಹೋಕರಿಗೆ ತಂಗುಮಂಟಪ ಕಟ್ಟಿಸಲು ಮನಸ್ಸು ಮಾಡಿ ಮಾರೋಜನೆಂಬ ಸ್ಥಪತಿಯನ್ನು ಕರೆಸಿದ. ನಡುವೆ ಒಂದೂ ಕಂಬವಿಲ್ಲದೆ, ಕುಳಿತವರಿಗೆ ಹೊಳೆ ಪೂರ್ತಿ ಕಾಣುವಂತೆ ಕಟ್ಟಿಕೊಡುತ್ತೇನೆಂದು ಮಾರೋಜ ತುಂಬಿದ ಓಲಗದಲ್ಲಿ ಮಾತು ಕೊಟ್ಟ. ಅಷ್ಟುದ್ದದ ತೊಲೆಯನ್ನು ಅಲ್ಲಿ ಯಾರೂ ಏರಿಸಿರಲಿಲ್ಲ. ಕಲ್ಲುಗಣಿಯ ಯಜಮಾನ ಹನುಮಬೋವಿ ಬಂಡೆ ಹುಡುಕಿ, ಬೆಣೆ ಹೊಡೆದು ಸೀಳಿಸಿ ತೊಲೆ ಕೊಟ್ಟ. ಹಳ್ಳಿಹಳ್ಳಿಯ ಎತ್ತುಗಳು ಅದನ್ನು ಗುಡ್ಡಕ್ಕೆ ಎಳೆದವು. ಮುಹೂರ್ತದ ಬೆಳಿಗ್ಗೆ ಮಾರೋಜ ಸುತ್ತಿಗೆಯಿಂದ ತೊಲೆಯನ್ನು ಬಾರಿಸುತ್ತ ಹೋದ. ಗಟ್ಟಿ ಕಲ್ಲು ಗಂಟೆಯಂತೆ ನುಡಿಯಬೇಕು, ನುಡಿಯುತ್ತಲೂ ಇತ್ತು. ನಡುಮಧ್ಯಕ್ಕೆ ಬಂದಾಗ ದನಿ ಬಿದ್ದುಹೋಯಿತು. ಮತ್ತೆ ಬಾರಿಸಿದರೂ ಅದೇ ಮಂಕು ದನಿ. ಎಳೆತರುವಾಗ ಎಲ್ಲೋ ಪೆಟ್ಟು ಬಿದ್ದು ಒಳಗೆ ಬಿರುಕು ಬಿಟ್ಟಿದೆಯೆಂದು ಅವನಿಗೆ ತಿಳಿದುಹೋಯಿತು. ತಲೆಯೆತ್ತಿದರೆ ಎದುರಿಗೆ ನಾಯಕ, ಅವನ ಪರಿವಾರ, ಹಾರ ಹಿಡಿದು ನಿಂತ ಜನ. ನಡುವೆ ಕಂಬ ಕೊಡೋಣ ಎಂಬ ಮಾತು ಗಂಟಲವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, ಏರಿಸಿ ಎಂದು ಕೈಸನ್ನೆ ಮಾಡಿದ.

ತೊಲೆ ನಿಂತಿತು. ನಾಯಕ ಮಾರೋಜನ ಕೈಗೆ ಚಿನ್ನದ ಕಡಗ ತೊಡಿಸಿದ. ತೊಲೆಯ ಕೆಳಗೆ ಹಾದುಹೋಗುವಾಗೆಲ್ಲ ಮಾರೋಜನ ಹೆಜ್ಜೆ ತಾನಾಗಿಯೇ ಬಿರುಸಾಗುತ್ತಿತ್ತು. ಮಳೆಗಾಲ ಬಂದು ಮಂಟಪದ ಮಣ್ಣಿನ ಮಾಳಿಗೆ ನೀರು ಕುಡಿದು ಭಾರವಾಯಿತು. ಒಂದು ಮಧ್ಯಾಹ್ನ ತೊಲೆ ಎರಡು ತುಂಡಾಗಿ ಬಿದ್ದು, ಮಳೆಗೆ ನಿಂತಿದ್ದ ಒಬ್ಬ ಬಳೆಗಾರ್ತಿ ಸತ್ತಳು. ಅವಳು ಯಾವ ಊರಿನವಳೆಂದು ಹೇಳುವವರು ಯಾರೂ ಸಿಗಲಿಲ್ಲ. ಹುಳುಕು ಕಲ್ಲು ಕೊಟ್ಟನೆಂದು ನಾಯಕ ಹನುಮಬೋವಿಗೆ ಸಂಕೋಲೆ ಹಾಕಿಸಿ, ಮರುದಿನ ಅವನ ಬಲಗೈ ಕಡಿಯಬೇಕೆಂದು ಅಪ್ಪಣೆ ಮಾಡಿದ. ಮಾರೋಜ ಅಲ್ಲೇ ಇದ್ದ. ಬಾಯಿ ತೆರೆಯಲಿಲ್ಲ. ಮನೆಗೆ ಬಂದು ಊಟಕ್ಕೆ ಕುಳಿತಾಗ ಹೆಂಡತಿ ನಾಗವ್ವೆ ನಿಟ್ಟುಸಿರುಬಿಟ್ಟು, “ಸದ್ಯ, ನಿಮ್ಮ ಮೇಲೆ ಬರಲಿಲ್ಲವಲ್ಲ” ಎಂದಳು. ಆ ಮಾತು ಕಿವಿಗೆ ಬಿದ್ದದ್ದೇ ಮಾರೋಜ ಊಟ ಬಿಟ್ಟು ಎದ್ದ. ತನ್ನ ಮನಸ್ಸು ದಾರಿಯುದ್ದಕ್ಕೂ ಹೇಳಿಕೊಂಡು ಬಂದದ್ದೂ ಅದನ್ನೇ.

ಬೆಳಿಗ್ಗೆ ಹನುಮಬೋವಿಯನ್ನು ಕರೆತರುವ ಹೊತ್ತಿಗೆ ಮಾರೋಜ ಕಡಗ ಕಳಚಿ ನಾಯಕನ ಮುಂದಿಟ್ಟು, ಕಲ್ಲಿನ ದನಿ ಒಡೆದದ್ದು ತನಗೆ ಕೇಳಿಸಿತ್ತು, ಬೋವಿಯದು ತಪ್ಪಿಲ್ಲ ಎಂದ.

“ತಿಳಿದೂ ಏಕೆ ಏರಿಸಿದೆ?” ಎಂದು ನಾಯಕ ಕೇಳಿದ.

“ಎಲ್ಲರೂ ನೋಡುತ್ತಿದ್ದರು, ಒಡೆಯ.”

ನಾಯಕ ಬೋವಿಯನ್ನು ಬಿಡಿಸಿದ. ಮಾರೋಜನಿಗೆ ಶಿಕ್ಷೆ ಕೊಡಲಿಲ್ಲ. ಕೆಡವಿದವನೇ ಕಟ್ಟಲಿ ಎಂದಷ್ಟೇ ಹೇಳಿದ. ಕೈ ಹೋಗಿದ್ದರೆ ಇದಕ್ಕಿಂತ ಹಗುರಾಗುತ್ತಿತ್ತೆಂದು ಮಾರೋಜನಿಗೆ ಅನ್ನಿಸಿತಂತೆ. ಹೊಸ ಕಲ್ಲಿಗಾಗಿ ಅವನು ಹನುಮಬೋವಿಯ ಗಣಿಗೇ ಹೋಗಬೇಕಾಯಿತು. ಕ್ಷಮೆ ಕೇಳಲು ಬಾಯಿ ತೆರೆದ. ಸಂಕೋಲೆಯ ಗಾಯ ಮಾಯದ ಕೈಯಿಂದ ಬೋವಿ ಅವನನ್ನು ತಡೆದ.

“ಕಲ್ಲು ಕೊಡುತ್ತೇನೆ, ಓಜರೇ. ಬಾರಿಸಿ ನೋಡಿ ಒಯ್ಯಿರಿ.”

ಗಣಿಯವರೆಲ್ಲ ಕೈಕೆಲಸ ಬಿಟ್ಟು ನೋಡುತ್ತಿರಲು ಮಾರೋಜ ತಲೆ ತಗ್ಗಿಸಿಕೊಂಡು ಒಂದೊಂದೇ ಕಲ್ಲನ್ನು ಬಾರಿಸಿ ಆರಿಸಿದ. ಎರಡು ಗಿಡ್ಡ ತೊಲೆಗಳನ್ನು ಜೋಡಿಸಿ, ಅವು ಕೂಡುವೆಡೆಗೆ, ಬಳೆಗಾರ್ತಿ ಬಿದ್ದಿದ್ದ ಜಾಗದಲ್ಲೇ, ಒಂದು ದಪ್ಪ ಕಂಬ ನಿಲ್ಲಿಸಿದ. ಅದರ ಮೇಲೆ ಹೂಬಳ್ಳಿ ಕೆತ್ತಲು ಬಂದ ಶಿಲ್ಪಿಗಳನ್ನು ಹಿಂದಕ್ಕೆ ಕಳಿಸಿದ. ಜನ ಅದನ್ನು ನಾಚುಗಂಬ ಎಂದರು. ಕಂಬದಿಂದ ಗುಡ್ಡಕ್ಕೂ ಆ ಹೆಸರು ಬಂತು. ಮಾರೋಜ ಮತ್ತೆಂದೂ ಆ ಸೂರಿನಡಿಗೆ ಕಾಲಿಡಲಿಲ್ಲ ಎನ್ನುತ್ತಾರೆ.

ಮಂಟಪ ಇಂದಿಗೂ ಗಟ್ಟಿಯಾಗಿದೆ. ಸುತ್ತಿನ ಕಂಬಗಳಲ್ಲಿ ಹಂಸಗಳಿವೆ, ಬಳ್ಳಿಗಳಿವೆ. ನಡುವಿನದರ ಮೈಮೇಲೆ ಬರಿಯ ಉಳಿಯ ಕಚ್ಚು. ಮುರಿದ ತೊಲೆಯ ತುಂಡುಗಳು ಹೊರಗೆ ಹುಲ್ಲಿನಲ್ಲಿ ಬಿದ್ದಿವೆ, ಕುರಿ ಕಾಯುವವರು ಅವುಗಳ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಹೊಳೆಯ ಫೋಟೊ ತೆಗೆಯಲು ಬಂದವರು ಮಂಟಪದೊಳಗೆ ಅತ್ತ ಸರಿದು, ಇತ್ತ ಸರಿದು, ಕೊನೆಗೆ ಬೇಸರಪಡುತ್ತಾರೆ. ಎಲ್ಲಿ ನಿಂತರೂ ಆ ಕಂಬ ಅಡ್ಡ ಬರುತ್ತದೆ.