ತೂಬು ತೆಗೆದವನು

"ಅಯ್ಯನವರೇ, ದೇವರ ಮಾತು ಮೀರಿದವರಿಗೆ ಏನಾಗುತ್ತದೆ?" ಎಂದು ಯೋಯೇಲ ಕೇಳಿದ. ಅವನು ಉಪದೇಶಿ ಅಮ್ಮಣ್ಣನವರ ಬಳಿ ಸತ್ಯವೇದ ಕಲಿಯುತ್ತಿದ್ದ. "ಆದಾಮನನ್ನು ತೋಟದಿಂದ ಹೊರಗೆ ಹಾಕಿದರು. ಯೋನನನ್ನು ಮೀನು ನುಂಗಿತು. ಲೋಟನ ಹೆಂಡತಿ ಉಪ್ಪಿನ ಕಂಬವಾದಳು. ಮೀರಿದವರಿಗೆ ಇಷ್ಟೇ ಗತಿಯೇ?"

"ಎಲಾ, ಶಿಕ್ಷೆಯೆಲ್ಲ ಬಾಯಿಪಾಠವಾಗಿದೆಯಲ್ಲ ನಿನಗೆ!" ಎಂದು ಉಪದೇಶಿಗಳು ನಕ್ಕರು. "ಉಪ್ಪಿನ ಹೆಸರೆತ್ತಿದೆ, ಉಪ್ಪಿನ ಕತೆಯನ್ನೇ ಹೇಳುತ್ತೇನೆ. ಕೇಳು."

ಸಮುದ್ರದ ಅಂಚಿನಲ್ಲಿ ಒಬ್ಬ ಒಡೆಯನಿಗೆ ಉಪ್ಪಿನ ಆಗರವಿತ್ತು. ಆಗರವೆಂದರೆ ಸುತ್ತ ಏರಿ ಕಟ್ಟಿದ ಮಣ್ಣಿನ ಮಡಿಗಳು. ಉಬ್ಬರದಲ್ಲಿ ತೂಬು ತೆಗೆದು ಸಮುದ್ರದ ನೀರು ತುಂಬಿಸುವುದು, ಬಿಸಿಲಿಗೆ ಬಿಡುವುದು, ನೀರು ಆರಿದ ಮೇಲೆ ಉಪ್ಪು ಎಳೆಯುವುದು. ಅವನ ಬಳಿ ಒಬ್ಬ ಆಳಿದ್ದ. ಆಳು ಎಂಬುದು ಹೆಸರಿಗೆ ಮಾತ್ರ. ಮಧ್ಯಾಹ್ನ ಒಡೆಯನೇ ಗಂಜಿ ತರುತ್ತಿದ್ದ, ಇಬ್ಬರೂ ಏರಿಯ ಮೇಲೆ ಕೂತು ಒಟ್ಟಿಗೆ ಉಣ್ಣುತ್ತಿದ್ದರು.

ಒಂದು ಬೆಳಿಗ್ಗೆ ಒಡೆಯ ಪೇಟೆಗೆ ಹೊರಟ. ಹೋಗುವಾಗ ಹೇಳಿದ: "ಎಲ್ಲ ತೂಬುಗಳೂ ನಿನ್ನ ಕೈಯಲ್ಲಿವೆ. ಈ ಕೊನೆಯ ಮಡಿಯದ್ದನ್ನು ಮಾತ್ರ ಮುಟ್ಟಬೇಡಪ್ಪ. ಅಲ್ಲಿ ಉಪ್ಪು ಕಟ್ಟುತ್ತಿದೆ."

ಆಳು ಕೆಟ್ಟವನಲ್ಲ. ಆದರೆ ಆ ಮಡಿಯ ನೀರು ಆರುತ್ತಾ ಬರುವುದನ್ನು ನೋಡಿ ಅವನ ಮನಸ್ಸು ತಡೆಯಲಿಲ್ಲ. ಉಪ್ಪು ಬರುವುದು ಸಮುದ್ರದ ನೀರಿನಿಂದ ತಾನೇ? ಇನ್ನಷ್ಟು ನೀರು ಬಿಟ್ಟರೆ ಇನ್ನಷ್ಟು ಉಪ್ಪು. ಒಡೆಯ ಬಂದು ನೋಡಿ ಬೆರಗಾಗಲಿ! ಹೀಗೆಂದುಕೊಂಡು ಉಬ್ಬರ ಬಂದ ಕೂಡಲೇ ತೂಬು ತೆಗೆದೇ ಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳುತ್ತಾರೆಯೇ? ಹೊಸ ನೀರು ನುಗ್ಗಿತು. ಕಟ್ಟಿದ್ದ ಉಪ್ಪೆಲ್ಲ ಅವನ ಕಣ್ಣೆದುರೇ ಕರಗಿಹೋಯಿತು.

ಅಯ್ಯೋ ಪಾಪ, ಅವನ ಎದೆ ಒಡೆಯಿತು. "ಉಂಡ ಮನೆಗೆ ಎರಡು ಬಗೆದೆನಲ್ಲ" ಎಂದು ಅತ್ತ. ಅಷ್ಟರಲ್ಲಿ ಒಡೆಯ ಎಂದಿನಂತೆ ಗಂಜಿಯ ಪಾತ್ರೆ ಹಿಡಿದು ಏರಿಯ ಮೇಲೆ ಬರುವುದು ಕಂಡಿತು. ಆಳು ಓಡಿಹೋಗಿ ಆಗರದ ಪಕ್ಕದ ಹೊಳೆಯಂಚಿನ ಪೊದೆಯಲ್ಲಿ ಅಡಗಿದ.

ಒಡೆಯ ಮಡಿ ನೋಡಿದ. ತೆರೆದ ತೂಬು ನೋಡಿದ. "ಎಲ್ಲಿದ್ದೀಯೋ ಮಾರಾಯಾ? ಬಾರೋ" ಎಂದು ಕೂಗಿದ. ಕೂಗಿದ್ದು ದಿನಾ ಊಟಕ್ಕೆ ಕರೆಯುತ್ತಿದ್ದ ದನಿಯಲ್ಲಿಯೇ. ಪೊದೆಯಲ್ಲಿದ್ದವನಿಗೆ ಅದು ಗದರಿಕೆಯಾಗಿ ಕೇಳಿಸಿತು. ಒಡೆಯ ಪಾತ್ರೆ ಇಳಿಸಿ, ಎರಡು ಬಟ್ಟಲು ಇಟ್ಟು, ಉಣ್ಣದೆ ಕಾದು ಕೂತ. ಆಳು ಅದನ್ನೂ ನೋಡಿದ. ನನ್ನನ್ನು ಹಿಡಿಯಲು ಹೊಂಚು ಹಾಕಿದ್ದಾನೆ ಎಂದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಇವನನ್ನು ಯಾರೂ ಕಳ್ಳ ಅಂದೂ ಇರಲಿಲ್ಲ.

ನೀರು ಇಳಿದ ಮೇಲೆ ಅವನು ಹೊಳೆ ದಾಟಿ ಪರವೂರು ಸೇರಿದ. ಅಲ್ಲಿ ಮೂಟೆ ಹೊತ್ತು ಬದುಕಿದ. ಹಿಂದಿನ ಒಡೆಯ ಹೇಗಿದ್ದ ಎಂದು ಯಾರಾದರೂ ಕೇಳಿದರೆ, "ಕೈಗೆ ಸಿಕ್ಕಿದ್ದರೆ ಕೊಂದೇ ಬಿಡುತ್ತಿದ್ದ" ಎನ್ನುತ್ತಿದ್ದ. ಹೇಳಿ ಹೇಳಿ ಕೊನೆಗೆ ತಾನೂ ನಂಬಿದ. ಒಟ್ಟಿಗೆ ಉಂಡ ದಿನಗಳು ಅವನ ಪಾಲಿಗೆ ಸುಳ್ಳಾದವು. ಅದನ್ನು ನೆನೆದರೆ ನನಗೆ ಕರುಳು ಚುರುಕ್ ಅನ್ನುತ್ತದೆ.

ಯೋಯೇಲ ತಡೆಯಲಾರದೆ ಕೇಳಿದ: "ಹಾಗಾದರೆ ಒಡೆಯ ಶಿಕ್ಷೆ ಕೊಡಲೇ ಇಲ್ಲವೇ? ಹಾಳಾದ ಉಪ್ಪಿನ ಗತಿ?"

"ಉಪ್ಪಿಗೇನು, ಬಿಸಿಲಿತ್ತು, ಮತ್ತೆ ಕಟ್ಟಿತು. ಆದಾಮನನ್ನು ತೋಟದಿಂದ ಹೊರಗೆ ಹಾಕಿದ್ದು ಆಮೇಲೆ ಕಣೋ. ಅದಕ್ಕೆ ಮೊದಲೇ ದೇವರ ಸಪ್ಪಳ ಕೇಳಿ ಅವನು ತಾನಾಗಿ ಮರಗಳ ಮರೆಗೆ ಹೋಗಿ ಅಡಗಿದ್ದ. ಇರಲಿ, ಈಗ ನಾನೊಂದು ಕೇಳುತ್ತೇನೆ" ಎಂದು ಉಪದೇಶಿಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಭಾನುವಾರ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುವ ಕರ್ತನ ಭೋಜನಕ್ಕೆ ರೊಟ್ಟಿ ಮುರಿಯುವ ಹೊತ್ತಿಗೆ ಸರಿಯಾಗಿ ನೀನು ಯಾಕೆ ಎದ್ದು ಹೊರಗೆ ಹೋಗುತ್ತೀ, ಮಗಾ?"